ಕಟ್ಟೆ ಖಾಲಿಯಾದರೂ ಹಾಜರಿ ತಪ್ಪದಿರಲಿ

ನಿವೃತ್ತರಾದ ಹಿರಿಯರಿಗೆ ಸಂಜೆಯ ಗೆಳೆಯರ ಬಳಗ ಅಂದರೆ ಬರೀ ಹರಟೆಯಲ್ಲ. ಕೊರೊನಾ ಕಾಲ ಇದನ್ನು ಮನೆಮನೆಗೂ ತಿಳಿಸಿಕೊಟ್ಟಿತು. ಆಗ ಫೋನಿನಲ್ಲಿ ಉಳಿಸಿಕೊಂಡ ಗೆಳೆತನವನ್ನು ಈಗ ಕಳೆದುಕೊಳ್ಳದಿರಲು ಮನೆಯೊಡತಿ ಏನು ಮಾಡಬಹುದು?

ಸಂಜೆ ಐದಾಯಿತೆಂದರೆ ನಿಮ್ಮ ಮಾವನವರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ ಅಲ್ವಾ? ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಛತ್ರಿ. ‘ಚಾ ಆಮ್ಯಾಲೆ ಕುಡೀತೀನವಾ’ ಅಂತ ಹೊರಟೇಬಿಡುತ್ತಾರೆ. ಗುಡಿಯ ಕಟ್ಟೆಯೋ, ಬಸ್ ನಿಲ್ದಾಣದ ಬೆಂಚೋ, ಪಾರ್ಕಿನ ಕಲ್ಲಾಸನವೋ, ಎಲ್ಲಾದರೊಂದು ಕಡೆ ಇವರಂಥವರೇ ಐದಾರು ಮಂದಿ ಕಾದಿರುತ್ತಾರೆ. ಒಬ್ಬರು ಶಾಲೆ ಮಾಸ್ತರಾಗಿದ್ದವರು, ಇನ್ನೊಬ್ಬರು ಅಂಚೆ ಕಚೇರಿಯಲ್ಲಿದ್ದವರು, ಮತ್ತೊಬ್ಬರು ಬಸ್ ಕಂಡಕ್ಟರ್ ಆಗಿದ್ದವರು. ‘ದಿನಾ ಅದೇ ಮಂದಿ, ಅದೇ ಜಾಗ. ಅಷ್ಟು ಮಾತಾಡೋದು ಏನಿರ್ತದೋ’ ಅಂತ ನೀವೂ ಒಮ್ಮೆಯಾದರೂ ಅಂದುಕೊಂಡಿರುತ್ತೀರಿ.

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲಿರುವ ಅಮೀನಗಡವನ್ನೇ ನೋಡಿ. ಹೊರಗಿನವರಿಗೆ ಅದು ಕರದಂಟಿನ ಊರು, ಕುರಿ ಸಂತೆಯ ಊರು, ಐಹೊಳೆಗೆ ಹೋಗುವವರು ಹೊರಳುವ ಊರು. ಇಂಥ ಊರುಗಳಲ್ಲಿ ಹಿರಿಯರ ಬಳಗಕ್ಕೆ ನಾಮಫಲಕ ಬೇಕಿಲ್ಲ, ಚಂದಾ ಬೇಕಿಲ್ಲ, ಅಧ್ಯಕ್ಷರು ಬೇಕಿಲ್ಲ. ಕಟ್ಟೆಯೇ ಸಂಘ. ತಾಲ್ಲೂಕು, ಜಿಲ್ಲಾ ಕೇಂದ್ರಗಳಲ್ಲಾದರೆ ನಿವೃತ್ತ ನೌಕರರ ಸಂಘಗಳಿರುತ್ತವೆ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ನಿವೃತ್ತರಿಗೆಂದೇ ‘ಪ್ರೋಬಸ್’ ಎಂಬ ಕ್ಲಬ್ಬುಗಳು ಹುಟ್ಟಿದವು. ಆಮೇಲೆ ಅವು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾಕ್ಕೂ ಹಬ್ಬಿದವು. ಅಲ್ಲಿ ಕುರ್ಚಿ-ಮೇಜು, ಇಲ್ಲಿ ಕಲ್ಲಿನ ಕಟ್ಟೆ. ಮಾಡುವ ಕೆಲಸ ಮಾತ್ರ ಒಂದೇ.

ಕಟ್ಟೆಯ ನಿಜವಾದ ಕೆಲಸ

ಏನದು ಕೆಲಸ? ರಾಜಕೀಯ, ಮಳೆ-ಬೆಳೆ, ತುಟ್ಟಿಭತ್ಯೆ, ಮೊಣಕಾಲು ನೋವು ಇವೆಲ್ಲ ಬರೀ ನೆಪ. ಕಟ್ಟೆ ದಿನಾ ಸದ್ದಿಲ್ಲದೆ ಹಾಜರಿ ತೆಗೆದುಕೊಳ್ಳುತ್ತದೆ. ‘ಯಾಕ್ರೀ, ಪೋಸ್ಟ್ ಮಾಸ್ತರು ಎರಡು ದಿನ ಆತು ಕಾಣವಲ್ರು?’ ಅಂತ ಒಬ್ಬರು ಕೇಳುತ್ತಾರೆ. ‘ನಡೀರಿ, ಮನಿ ಕಡೆ ಹೋಗಿ ಬರೂಣು’ ಅಂತ ಇನ್ನೊಬ್ಬರು ಏಳುತ್ತಾರೆ. ಅಷ್ಟೇ ನೋಡಿ. ಪಿಂಚಣಿ ಕೊಡುವವರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೇಳುತ್ತಾರೆ. ಕಟ್ಟೆಯ ಗೆಳೆಯರು ದಿನಾ ಕೇಳುತ್ತಾರೆ.

ನಲವತ್ತು ವರ್ಷ ನೌಕರಿ ಮಾಡಿದವರಿಗೆ ‘ನಾನು ಬರದಿದ್ದರೆ ಯಾರೋ ಕೇಳ್ತಾರೆ’ ಅನ್ನುವ ಭಾವನೆ ಬಹಳ ದೊಡ್ಡದು. ಕಚೇರಿಯ ಹಾಜರಿ ಪುಸ್ತಕದಿಂದ ಹೆಸರು ಹೋದ ಮೇಲೆ ಕಟ್ಟೆಯ ಹಾಜರಿಯೇ ಅವರಿಗೆ ಉಳಿಯುವುದು.

ಕಟ್ಟೆ ಖಾಲಿಯಾದ ದಿನಗಳು

2020ರ ಮಾರ್ಚ್ ನೆನಪಿದೆಯಲ್ಲ? ದೇಶದಲ್ಲಿ ಮೊದಲು ವರದಿಯಾದ ಕೋವಿಡ್ ಸಾವು ನಮ್ಮ ಕಲಬುರಗಿಯದು. ತೀರಿಕೊಂಡವರು 76 ವರ್ಷದ ಹಿರಿಯರು. ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶವೇ ಬಂದ್. ಬಸ್ಸು ನಿಂತವು, ಸಂತೆ ನಿಂತವು, ಗುಡಿಗಳ ಬಾಗಿಲು ಮುಚ್ಚಿದವು. ಮುಂದೆ ಒಂದೊಂದಾಗಿ ಎಲ್ಲ ತೆರೆಯುತ್ತ ಬಂದಾಗಲೂ 65 ದಾಟಿದವರು ಮನೆಯಲ್ಲೇ ಇರಬೇಕು ಎಂದು ಕೇಂದ್ರ ಸರ್ಕಾರದ ಸಲಹೆ ಇತ್ತು. ಅಂದರೆ ಎಲ್ಲರಿಗಿಂತ ಹೆಚ್ಚು ದಿನ ಒಳಗುಳಿದವರು ಇವರೇ.

ಆಗ ನಿಮ್ಮ ಮನೆಯಲ್ಲಿ ಏನಾಯಿತು ಹೇಳಿ. ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲತೊಡಗಿದರು. ‘ಇವತ್ತ ಪಲ್ಯ ಏನು?’ ಎಂದು ಎಂಟು ಸಲ ಕೇಳಿದರು. ಗ್ಯಾಸ್ ಸಣ್ಣದು ಮಾಡು ಎಂದರು, ನೀರು ಯಾಕೆ ಇಷ್ಟು ಬಿಡುತ್ತೀರಿ ಎಂದರು. ಅತ್ತೆಯವರಿಗೆ ಸಿಡುಕು, ನಿಮಗೆ ತಲೆನೋವು. ನಿಜ ಹೇಳಬೇಕೆಂದರೆ ಅವರು ಪಲ್ಯದ ಬಗ್ಗೆ ಕೇಳುತ್ತಿರಲಿಲ್ಲ. ಮಾತಿಗೆ ಜನ ಹುಡುಕುತ್ತಿದ್ದರು.

ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಫೋನೇ ಕಟ್ಟೆಯಾಯಿತು. ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೆಯ ರಾಮಾಯಣ ಮತ್ತೆ ಶುರುವಾದಾಗ ಮಾತಿಗೊಂದು ವಿಷಯವೂ ಸಿಕ್ಕಿತು. ‘ನೋಡಿದಿರೇನ್ರೀ?’ ಅಂತ ಮಾತು ಶುರುವಾಗಿ ‘ಗುಳಿಗಿ ಅದಾವೇನ್ರೀ?’ ಅನ್ನುವಲ್ಲಿಗೆ ಬರುತ್ತಿತ್ತು. ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ಕೂಡ ಗುಂಪು ಕರೆಯಲ್ಲಿ ನಾಲ್ವರ ಬದಲು ಎಂಟು ಮಂದಿ ಸೇರಲು ಅವಕಾಶ ಕೊಟ್ಟಿತು. ಹೆಚ್ಚುಕಡಿಮೆ ಒಂದು ಕಟ್ಟೆಯಷ್ಟು ಮಂದಿ! ಆದರೆ ಆ ಕರೆ ಹಚ್ಚಿಕೊಟ್ಟವರು ಯಾರು? ಹೆಚ್ಚಿನ ಮನೆಗಳಲ್ಲಿ ಸೊಸೆ, ಮಗಳು, ಇಲ್ಲವೇ ಮೊಮ್ಮಕ್ಕಳು. ಒಗ್ಗರಣೆ ಬಿಟ್ಟು ಬಂದು, ‘ಮಾಮಾ, ಇಲ್ಲಿ ಒತ್ರಿ’ ಅಂತ ತೋರಿಸಿದ ಆ ಐದು ನಿಮಿಷ ಸಣ್ಣದೇನಲ್ಲ.

ಗುಡ್ ಮಾರ್ನಿಂಗ್ ಬಂದರೆ ಸಾಕೇ?

ಇಲ್ಲೊಂದು ಮಾತು ಗಮನಿಸಿ. ವಾಟ್ಸ್‌ಆ್ಯಪ್ ಗುಂಪು ಇದ್ದಮಾತ್ರಕ್ಕೆ ಸಂಪರ್ಕ ಇದೆ ಅಂತಲ್ಲ. ಬೆಳಗಾದರೆ ಹೂವಿನ ಚಿತ್ರ, ಸುಭಾಷಿತ, ಯಾರೋ ಕಳಿಸಿದ ಕಷಾಯದ ವಿಧಾನ ಐವತ್ತು ಬಂದಿರುತ್ತವೆ. ಅದರಲ್ಲಿ ಯಾರು ಮಾತಾಡಿದರು ಅನ್ನುವುದು ಕಾಣುತ್ತದೆ. ಯಾರು ಮಾತಾಡಲಿಲ್ಲ ಅನ್ನುವುದು ಕಾಣುವುದಿಲ್ಲ. ಕಟ್ಟೆಯಲ್ಲಾದರೆ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. ಮೊಬೈಲಿನಲ್ಲಿ ಖಾಲಿ ಜಾಗ ಅಂತ ಒಂದಿಲ್ಲ. ಅದನ್ನು ನಾವೇ ಹುಡುಕಬೇಕು.

ಇದು ಬರೀ ಬೇಸರದ ಮಾತಲ್ಲ, ಆರೋಗ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಹೃದಯರೋಗ, ಪಾರ್ಶ್ವವಾಯು, ಖಿನ್ನತೆ, ಮರೆವು ಇವುಗಳ ಅಪಾಯವನ್ನು ಅದು ಹೆಚ್ಚಿಸುತ್ತದೆ ಎಂದೂ ಹೇಳಿದೆ. ಬಿಪಿ ಗುಳಿಗೆ ಮರೆಯದೆ ಕೊಡುವ ನೀವು ಗೆಳೆಯರ ಕರೆಯನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಬಹುದಲ್ಲವೇ?

ಮನೆಯಿಂದಲೇ ಹೀಗೆ ಮಾಡಿ

ಕೊರೊನಾ ಹೋಯಿತು, ಇದೆಲ್ಲ ಈಗ್ಯಾಕೆ ಅನ್ನಬೇಡಿ. 2023ರ ಮೇ ತಿಂಗಳಲ್ಲೇ ಜಾಗತಿಕ ತುರ್ತುಸ್ಥಿತಿ ಮುಗಿಯಿತು, ನಿಜ. ಆದರೆ ಮಂಡಿನೋವು, ಕಣ್ಣಿನ ಆಪರೇಷನ್, ಬಿಡದ ಮಳೆ, ಮಗನ ವರ್ಗಾವಣೆ, ಇವೆಲ್ಲ ಹಿರಿಯರನ್ನು ಕಟ್ಟೆಯಿಂದ ದೂರ ಮಾಡುತ್ತಲೇ ಇರುತ್ತವೆ. ಆಗಿನ ಪಾಠ ಈಗಲೂ ಬೇಕು.

* ಪಟ್ಟಿ ಬರೆಯಿರಿ: ಮಾವನವರ ಹತ್ತಿರ ಕೂತು ಗೆಳೆಯರ ಹೆಸರು, ನಂಬರು ಕೇಳಿ ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಪ್ರತಿ ಹೆಸರಿನ ಮುಂದೆ ಆ ಮನೆಯ ಇನ್ನೊಬ್ಬರ ನಂಬರೂ ಇರಲಿ. ಹಿರಿಯರು ಫೋನ್ ಎತ್ತದಿದ್ದರೆ ಕೇಳಲು ಇನ್ನೊಬ್ಬರು ಬೇಕು.

* ಹೊತ್ತು ಗೊತ್ತು ಮಾಡಿ: ‘ಬಿಡುವಾದಾಗ ಮಾತಾಡೋಣ’ ಅಂದರೆ ಬಿಡುವು ಆಗುವುದೇ ಇಲ್ಲ. ಕಟ್ಟೆಗೆ ಹೋಗುತ್ತಿದ್ದ ಹೊತ್ತೇ ಕರೆಯ ಹೊತ್ತಾಗಲಿ. ನಾಲ್ಕೂವರೆಗೆ ಚಾರ್ಜಿಗೆ ಹಾಕಿಡುವುದನ್ನು ನೀವು ನೋಡಿಕೊಳ್ಳಿ.

* ಒಬ್ಬರಿಗೆ ಇಬ್ಬರು: ಎಲ್ಲರೂ ಎಲ್ಲರಿಗೂ ಮಾಡಬೇಕಿಲ್ಲ. ಒಬ್ಬೊಬ್ಬರು ದಿನಕ್ಕೆ ಇಬ್ಬರನ್ನು ವಿಚಾರಿಸಿದರೆ ಸಾಕು, ಸರಪಳಿ ಪೂರ್ತಿಯಾಗುತ್ತದೆ. ಎರಡು ದಿನ ಸಿಗದವರ ಮನೆಗೆ ಹತ್ತಿರದವರು ಹೋಗಿ ಬರುವುದು ಎಂಬ ಕರಾರು ಇರಲಿ.

* ವಿಡಿಯೊಗಿಂತ ದನಿ: ಪರದೆಯಲ್ಲಿ ಎಂಟು ಮುಖ ಒಟ್ಟಿಗೆ ಮಾತಾಡಿದರೆ ಕಿವಿ ಮಂದವಾದವರಿಗೆ ಏನೂ ತಿಳಿಯುವುದಿಲ್ಲ. ಅಂಥವರಿಗೆ ಸಾದಾ ಕರೆ, ಒಬ್ಬರಿಗೊಬ್ಬರು, ಸ್ಪೀಕರ್ ಹಚ್ಚಿ. ಸ್ಮಾರ್ಟ್‌ಫೋನ್ ಇಲ್ಲದ ಗೆಳೆಯರನ್ನು ಬಿಟ್ಟು ಗುಂಪು ಕಟ್ಟಬೇಡಿ.

* ಕಲಿಸುವಾಗ ತಾಳ್ಮೆ: ‘ಎಷ್ಟು ಸಲ ಹೇಳೋದು ಮಾಮಾ’ ಅಂದರೆ ಅವರು ಮತ್ತೆ ಕೇಳುವುದಿಲ್ಲ, ಫೋನೇ ಬೇಡ ಅನ್ನುತ್ತಾರೆ. ಎರಡೇ ಕೆಲಸ ಕಲಿಸಿ: ಕರೆ ಮಾಡುವುದು, ಕರೆ ಎತ್ತುವುದು. ಉಳಿದದ್ದು ತಾನಾಗಿ ಬರುತ್ತದೆ.

* ದುಡ್ಡಿನ ಕರೆ ಬಂದರೆ: ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವ ಮೋಸಗಾರರು ಪಿಂಚಣಿ ಹಣಕ್ಕೆ ಕಣ್ಣಿಟ್ಟಿರುತ್ತಾರೆ. ಅಂಥ ಬಂಧನವೇ ಕಾನೂನಿನಲ್ಲಿ ಇಲ್ಲ. ಒಟಿಪಿ ಯಾರಿಗೂ ಹೇಳಬಾರದು ಅಂತ ಅದೇ ಹಾಳೆಯ ಕೆಳಗೆ ಬರೆದಿಡಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

* ಸಹಾಯವಾಣಿ: ಹಿರಿಯ ನಾಗರಿಕರಿಗೆ ಎಲ್ಡರ್‌ಲೈನ್ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಉಚಿತ. ಊಟ ಬಿಡುವುದು, ನಿದ್ದೆ ಕೆಡುವುದು, ‘ನಾನಿದ್ದು ಏನು ಮಾಡೋದೈತಿ’ ಅನ್ನುವ ಮಾತು ಪದೇ ಪದೇ ಬಂದರೆ ವಯಸ್ಸಾಯಿತು ಅಂತ ತಳ್ಳಿಹಾಕಬೇಡಿ. ವೈದ್ಯರಿಗೆ ತೋರಿಸಿ.

ಕೆಟ್ಟ ಸುದ್ದಿ ಮುಚ್ಚಿಡಬೇಕೇ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಲಸಿಕೆ ಶುರುವಾಯಿತು. ಹೆದರಿಕೊಂಡ ಗೆಳೆಯರಿಗೆ ‘ನಾ ಹಾಕಿಸ್ಕೊಂಡೀನಿ, ಏನೂ ಆಗಿಲ್ಲ, ಬರ್ರಿ’ ಎಂದು ಧೈರ್ಯ ಹೇಳಲೂ ಹಿರಿಯರಿಗೆ ಈ ಫೋನೇ ಬೇಕಾಯಿತು. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಎರಡನೇ ಅಲೆ ಬಂತು. ಎಷ್ಟೋ ಬಳಗಗಳಲ್ಲಿ ಒಂದೆರಡು ಹೆಸರು ಕಡಿಮೆಯಾದವು. ಮಣ್ಣಿಗೆ ಹೋಗುವಂತಿಲ್ಲ, ಮನೆಗೆ ಹೋಗಿ ಮಾತಾಡಿಸುವಂತಿಲ್ಲ. ‘ಮಾವಾರಿಗೆ ಹೇಳಬ್ಯಾಡ್ರಿ, ಅವರ ಎದಿ ಮೊದಲ ಗಟ್ಟಿ ಇಲ್ಲ’ ಅಂತ ಅನೇಕ ಮನೆಗಳಲ್ಲಿ ಸುದ್ದಿ ಮುಚ್ಚಿಟ್ಟರು.

ಕಾಳಜಿಯಿಂದಲೇ ಮಾಡಿದ್ದು, ತಪ್ಪೆನ್ನಲಾಗದು. ಆದರೆ ಯೋಚಿಸಿ. ನಲವತ್ತು ವರ್ಷದ ಗೆಳೆಯ ಫೋನ್ ಎತ್ತುತ್ತಿಲ್ಲ, ಮನೆಯವರೆಲ್ಲ ಮಾತು ಮರೆಸುತ್ತಿದ್ದಾರೆ. ಹಿರಿಯರಿಗೆ ತಿಳಿಯುವುದಿಲ್ಲವೇ? ತಿಳಿದೂ ಕೇಳಲಾಗದೆ ಒಳಗೇ ನುಂಗುತ್ತಾರೆ. ಅಳುವ ಹಕ್ಕನ್ನೂ ನಾವು ಕಸಿದಂತಾಗುತ್ತದೆ.

ಹೇಳುವುದೇ ಒಳ್ಳೆಯದು. ಆದರೆ ಹೇಳುವ ರೀತಿ ಇದೆ. ರಾತ್ರಿ ಬೇಡ, ಬೆಳಗಿನ ತಿಂಡಿಯಾದ ಮೇಲೆ ಹೇಳಿ. ಒಬ್ಬರೇ ಇರುವಾಗ ಬೇಡ, ಅತ್ತೆಯವರೋ ಮಗನೋ ಪಕ್ಕದಲ್ಲಿರಲಿ. ಸುತ್ತಿ ಬಳಸದೆ, ಮೆಲ್ಲಗೆ, ನೇರ ಹೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನೆ ಕೂತಿರಿ. ಟಿವಿ ಹಚ್ಚಿ ಮನಸ್ಸು ತಿರುಗಿಸಲು ಹೋಗಬೇಡಿ. ಹಳೆಯ ಕಥೆ ತೆಗೆದರೆ ಹತ್ತು ಸಲ ಕೇಳಿದ್ದಾದರೂ ಹನ್ನೊಂದನೆಯ ಸಲ ಕೇಳಿ. ಹೋಗಿ ಬರಲಾಗದಿದ್ದರೆ ತೀರಿಕೊಂಡವರ ಮನೆಗೆ ಫೋನ್ ಹಚ್ಚಿಕೊಟ್ಟು ಮಾತಾಡಿಸಿ. ಎರಡೇ ಮಾತಾದರೂ ಇಬ್ಬರಿಗೂ ಎದೆ ಹಗುರಾಗುತ್ತದೆ.

ಇನ್ನೊಂದು ಕಿವಿಮಾತು: ಪಟ್ಟಿಯಿಂದ ಆ ನಂಬರನ್ನು ಹೊಡೆದುಹಾಕಬೇಡಿ. ಗೆಳೆಯ ಹೋದರೂ ಅವರ ಹೆಂಡತಿ ಆ ಮನೆಯಲ್ಲಿದ್ದಾರೆ. ಹದಿನೈದು ದಿನ ಕಳೆದು ಬಂದುಹೋಗುವವರು ಕಡಿಮೆಯಾದಾಗಲೇ ಅವರಿಗೆ ಕರೆ ಬೇಕಾಗುವುದು.

ಅತ್ತೆಯವರ ಹಾಜರಿ ಯಾರು ತೆಗೆಯುತ್ತಾರೆ?

ಇಷ್ಟೊತ್ತು ಮಾವನವರ ಮಾತೇ ಆಯಿತು. ಅತ್ತೆಯವರು? ಅವರಿಗೆ ನಿವೃತ್ತಿಯೇ ಇಲ್ಲ, ಹಾಗಾಗಿ ನಿವೃತ್ತರ ಸಂಘವೂ ಇಲ್ಲ. ಅವರ ಬಳಗ ಭಜನೆಯಲ್ಲಿ, ಶ್ರಾವಣದ ಪುರಾಣದಲ್ಲಿ, ಶಾವಿಗೆ-ಹಪ್ಪಳ ಮಾಡುವ ಮಾಳಿಗೆಯ ಮೇಲೆ, ನೇಕಾರರ ಊರಾದರೆ ಮಗ್ಗದ ಪಕ್ಕದಲ್ಲಿ ಕೂಡುತ್ತಿತ್ತು. ಕೊರೊನಾದಲ್ಲಿ ಅದೂ ನಿಂತಿತು. ಗಂಡಸರ ಕಟ್ಟೆ ಖಾಲಿಯಾದದ್ದು ಬೀದಿಗೆ ಕಂಡಿತು. ಹೆಂಗಸರ ಬಳಗ ಚದುರಿದ್ದು ಯಾರಿಗೂ ಕಾಣಲಿಲ್ಲ. ಎಷ್ಟೋ ಅತ್ತೆಯಂದಿರಿಗೆ ಸ್ವಂತ ಫೋನೂ ಇರಲಿಲ್ಲ. ಗೆಳತಿಯ ನಂಬರ್ ಕೇಳಿದರೆ ‘ಅವರ ಮಗನ ಹೆಸರಿಲೆ ಇರ್ತದ ನೋಡು’ ಅನ್ನುವ ಪರಿಸ್ಥಿತಿ.

ಆದ್ದರಿಂದ ಹಾಳೆ ಬರೆಯುವಾಗ ಎರಡು ಪಟ್ಟಿ ಮಾಡಿ. ಒಂದು ಮಾವನವರದು, ಒಂದು ಅತ್ತೆಯವರದು. ಅವರ ಗೆಳತಿಯರನ್ನು ಅವರವರ ಹೆಸರಿನಲ್ಲೇ ಬರೆಯಿರಿ. ವಾರಕ್ಕೊಮ್ಮೆ ಮಧ್ಯಾಹ್ನದ ಹೊತ್ತು ಅರ್ಧ ತಾಸು ಫೋನು ಅವರ ಕೈಗೆ ಕೊಟ್ಟು ನೀವು ಬೇರೆ ಕೋಣೆಗೆ ಹೋಗಿ. ನಿಮ್ಮ ಬಗ್ಗೆಯೂ ನಾಲ್ಕು ಮಾತು ಆಡಿಕೊಳ್ಳಲಿ, ಪರವಾಗಿಲ್ಲ!

ಹಾಗಂತ ಫೋನು ಕಟ್ಟೆಗೆ ಬದಲಿಯಲ್ಲ. ಕಾಲು ಆಡುತ್ತಿರುವವರೆಗೂ ಹೋಗಲಿ, ಬರಲಿ. ‘ಬಿಸಿಲಾತು, ಇವತ್ತ ಬ್ಯಾಡ್ರಿ’ ಅಂತ ದಿನಾ ತಡೆಯಬೇಡಿ. ಎಂದಾದರೊಮ್ಮೆ ಆ ಐದಾರು ಮಂದಿಯನ್ನು ಮನೆಗೇ ಕರೆದು ಒಂದು ತಟ್ಟೆ ಚುರುಮುರಿ, ಮಿರ್ಚಿ, ಒಂದೊಂದು ತುಂಡು ಕರದಂಟು ಕೊಡಿ. ಹಲ್ಲಿಲ್ಲದವರಿಗೆ ಕರದಂಟು ಪುಡಿ ಮಾಡಿ ಹಾಲಿಗೆ ಹಾಕಿ, ಸಕ್ಕರೆ ಕಾಯಿಲೆ ಇದ್ದವರಿಗೆ ಚುರುಮುರಿಯಷ್ಟೇ ಸಾಕು. ಆ ನೆಪದಲ್ಲಿ ಅವರ ಮನೆಯವರ ನಂಬರುಗಳನ್ನೂ ನೀವೇ ಬರೆದುಕೊಳ್ಳಬಹುದು.

ಇವತ್ತು ಸಂಜೆ ಮಾವನವರು ಮನೆಗೆ ಬಂದಾಗ ಒಂದೇ ಪ್ರಶ್ನೆ ಕೇಳಿ ನೋಡಿ: ‘ಇವತ್ತ ಯಾರ್ ಬಂದಿದ್ದಿಲ್ರೀ ಮಾಮಾ?’ ಅವರು ಹೇಳುವ ಹೆಸರು ಯಾವುದೋ, ಮೊದಲ ಕರೆ ಅವರಿಗೇ ಹೋಗಲಿ.