ಪಾಕಶಾಲೆಯ ಜಿಡ್ಡಿನ ತೊಟ್ಟಿ: ತತ್ತ್ವ ಮತ್ತು ಪಾಲನೆ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ಉಡುಪಿ ಹೊಟೇಲನ್ನು ಬಿಟ್ಟು ಮುಂದೆ ಹೋಗಲಾರರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಸಂಸ್ಥೆಗಳ ಹೆಸರನ್ನು ಕೇಳದವರು ವಿರಳ. ಆದರೆ ಹೊಟೇಲನ್ನು ಕುರಿತ ಬರವಣಿಗೆಯೆಲ್ಲ ಒಲೆಯಿಂದ ಎಲೆಯವರೆಗೆ ಸಾಗಿ ಅಲ್ಲಿಗೇ ನಿಂತುಬಿಡುತ್ತದೆ. ಎಲೆ ಎತ್ತಿದ ಬಳಿಕ ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಯಿತು, ಅದರೊಡನೆ ಹೋದ ಎಣ್ಣೆ ಏನಾಯಿತು ಎಂಬ ವಿಚಾರಕ್ಕೆ ಯಾರೂ ಕೈಹಾಕುವುದಿಲ್ಲ. ಈ ಉದ್ಯಮದ ನಿಜವಾದ ಹೊಣೆಗಾರಿಕೆಯ ಒಂದು ಭಾಗವಾದರೋ ಅಡಗಿರುವುದು ಅಲ್ಲಿಯೇ.

ಹೊಟೇಲಿನವರು ಗ್ರೀಸ್ ಟ್ರ್ಯಾಪ್ ಎಂದು ಕರೆಯುವ ಸಾಧನವನ್ನು ಕನ್ನಡದಲ್ಲಿ ಜಿಡ್ಡಿನ ತೊಟ್ಟಿ ಎನ್ನಬಹುದು. ಪಾತ್ರೆ ತೊಳೆಯುವ ಮೋರಿಗೂ ಊರಿನ ಒಳಚರಂಡಿಗೂ ನಡುವೆ ಇರಿಸಿದ, ಮುಚ್ಚಳವುಳ್ಳ ತೊಟ್ಟಿ ಇದು. ಕೆಲವೆಡೆ ಮೋರಿಯ ಕೆಳಗೇ ಇಟ್ಟ ಉಕ್ಕಿನ ಪೆಟ್ಟಿಗೆ, ಕೆಲವೆಡೆ ಹಿತ್ತಿಲಲ್ಲಿ ನೆಲದೊಳಗೆ ಕಟ್ಟಿದ ಕೋಣೆ. ಆಕಾರ ಯಾವುದಾದರೂ ತತ್ತ್ವವೊಂದೇ. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗಿದರೆ ಅದೇ ಅಳತೆಯ ಅಡುಗೆಯೆಣ್ಣೆ ಸುಮಾರು 920 ಗ್ರಾಂ ಮಾತ್ರ ತೂಗುತ್ತದೆ. ಸಾರಿನ ಪಾತ್ರೆಯನ್ನು ಅಲುಗಿಸದೆ ಇಟ್ಟರೆ ಒಗ್ಗರಣೆಯ ಎಣ್ಣೆ ಮೇಲೆ ತೇಲಿ, ಬೇಳೆ ಕೆಳಗಿಳಿದು, ನಡುವೆ ತಿಳಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ತೊಟ್ಟಿಯಲ್ಲಿ ನಡೆಯುವುದೂ ಅಷ್ಟೇ. ಒಳಬರುವ ನೀರಿನ ರಭಸವನ್ನು ಒಂದು ಅಡ್ಡಗೋಡೆ ಮುರಿಯುತ್ತದೆ. ಜಿಡ್ಡು ಮೇಲೆ ಕೆನೆಗಟ್ಟುತ್ತದೆ. ಅನ್ನದ ಅಗುಳು, ಬೇಳೆಯ ಗಷ್ಟು ತಳ ಸೇರುತ್ತದೆ. ಹೊರಹೋಗುವ ಕೊಳವೆಯ ಬಾಯಿಯನ್ನು ಮೇಲ್ಮೈಯಿಂದ ಸಾಕಷ್ಟು ಕೆಳಗೆ ಇಟ್ಟಿರುವುದರಿಂದ ನಡುವಿನ ತಿಳಿ ಮಾತ್ರ ಚರಂಡಿಗೆ ಹರಿಯುತ್ತದೆ.

ಇದಕ್ಕೆ ಬೇಕಾದುದು ನಿಶ್ಚಲತೆ ಮತ್ತು ಕಾಲಾವಕಾಶ. ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ಪ್ರಕಟಿಸಿದ ನಿಯಮದಂತೆ, ಹನಿ ಮೇಲೇರುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಹನಿಯ ವ್ಯಾಸ ಹತ್ತರಲ್ಲೊಂದು ಪಾಲಾದರೆ ವೇಗ ನೂರರಲ್ಲೊಂದು ಪಾಲಾಗುತ್ತದೆ. ಕುದಿನೀರನ್ನೂ ಸಾಬೂನಿನ ದ್ರಾವಣವನ್ನೂ ಧಾರಾಳವಾಗಿ ಸುರಿದು ಮೋರಿಯನ್ನು ಶುದ್ಧಗೊಳಿಸಿದೆವೆಂದು ತಿಳಿಯುವವರು ಮೋಸಹೋಗುವುದು ಇಲ್ಲಿಯೇ. ಅವರು ಜಿಡ್ಡನ್ನು ಸೂಕ್ಷ್ಮ ಹನಿಗಳಾಗಿ ಒಡೆಯುತ್ತಾರೆ. ಆ ಹನಿಗಳು ಮೇಲೇರಲು ಸಮಯ ಸಾಲದೆ ತೊಟ್ಟಿಯನ್ನು ದಾಟಿ, ಬೀದಿಯ ಕೊಳವೆಯಲ್ಲಿ ತಣಿದು ಮತ್ತೆ ಕೂಡಿಕೊಳ್ಳುತ್ತವೆ. ಜಿಡ್ಡು ನಾಶವಾಗಲಿಲ್ಲ, ವಿಳಾಸವನ್ನಷ್ಟೇ ಬದಲಿಸಿತು.

ಕೊಳವೆಯಲ್ಲಿ ಮುಂದೇನಾಗುವುದೆಂಬುದು ಎಣ್ಣೆಯ ಜಾತಿಯನ್ನೂ ಅವಲಂಬಿಸಿದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗೆ ಹೆಪ್ಪುಗಟ್ಟುತ್ತದೆ. ವನಸ್ಪತಿ ಅದಕ್ಕೂ ಹೆಚ್ಚಿನ ಶಾಖದಲ್ಲಿಯೇ ಗಟ್ಟಿಯಾಗಿರುತ್ತದೆ. ಕಡಲೆಕಾಯಿ ಎಣ್ಣೆ ಮುಂಬಯಿಯ ಚಳಿಗಾಲದಲ್ಲಿಯೂ ದ್ರವವಾಗಿಯೇ ಉಳಿಯುತ್ತದೆ. ಆದರೆ ದ್ರವವೆಂಬ ಕಾರಣಕ್ಕೆ ಅದು ನಿರಪಾಯವೆನ್ನುವಂತಿಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿಕೊಟ್ಟಂತೆ, ಎಣ್ಣೆ ಒಡೆದು ಹುಟ್ಟಿದ ಆಮ್ಲಗಳು ಕ್ಯಾಲ್ಸಿಯಮ್ಮಿನೊಡನೆ ಕೂಡಿ ಗಟ್ಟಿಯಾದ ಒಂದು ಬಗೆಯ ಸಾಬೂನಾಗುತ್ತವೆ. ಇದು ನೀರಿನಲ್ಲಿ ಕರಗುವುದಿಲ್ಲ, ಕಲ್ಲಿನಂತೆ ಬೆಳೆಯುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿಯಲ್ಲಿ ಸಿಕ್ಕಿದ ಜಿಡ್ಡಿನ ಬಂಡೆ ಸುಮಾರು 250 ಮೀಟರು ಉದ್ದ, 130 ಟನ್ನು ತೂಕದ್ದಾಗಿತ್ತು. ಅದರ ಒಂದು ತುಂಡನ್ನು ಮರುವರ್ಷ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೂ ಇಟ್ಟರು.

ತೊಟ್ಟಿಯ ಗಾತ್ರವನ್ನು ನಿರ್ಣಯಿಸುವ ಲೆಕ್ಕ ಕಠಿಣವಲ್ಲ. ನೆಲದೊಳಗಿನ ದೊಡ್ಡ ತೊಟ್ಟಿಯಲ್ಲಿ ನೀರು ಸುಮಾರು ಅರ್ಧ ಗಂಟೆ ನಿಲ್ಲಬೇಕೆಂಬುದು ರೂಢಿಯ ಅಳತೆ. ಮಧ್ಯಾಹ್ನದ ಊಟದ ದಟ್ಟಣೆಯಲ್ಲಿ ಮೋರಿಯಿಂದ ನಿಮಿಷಕ್ಕೆ 40 ಲೀಟರು ಹರಿಯುವುದಾದರೆ 1,200 ಲೀಟರಿನ ತೊಟ್ಟಿ ಬೇಕು. ಈಗ ಜಿಡ್ಡೂ ಗಷ್ಟೂ ಸೇರಿ 300 ಲೀಟರು ತುಂಬಿತೆನ್ನೋಣ. ಉಳಿದದ್ದು 900 ಲೀಟರು. ನೀರಿಗೆ ದೊರೆಯುವ ಅವಕಾಶ ಇಪ್ಪತ್ತೆರಡೂವರೆ ನಿಮಿಷ. ತೊಟ್ಟಿ ತುಂಬಿದಷ್ಟೂ ಅದರ ಶಕ್ತಿ ಕುಗ್ಗುತ್ತದೆ. ಆದಕಾರಣ, ಮೇಲಿನ ಕೆನೆಯೂ ತಳದ ಗಷ್ಟೂ ಸೇರಿ ನೀರಿನ ಆಳದ ನಾಲ್ಕನೆಯ ಒಂದು ಪಾಲನ್ನು ಮುಟ್ಟುವ ಮೊದಲೇ ತೊಟ್ಟಿಯನ್ನು ಬರಿದುಮಾಡಬೇಕೆಂಬ ನಿಯಮವನ್ನು ಅನೇಕ ನಗರಗಳು ಅನುಸರಿಸುತ್ತವೆ. ಇದನ್ನು ತಿಳಿಯಲು ಒಂದು ಅಳತೆಗೋಲು ಸಾಕು. ವಾರಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ, ಎಷ್ಟು ದಿನಕ್ಕೊಮ್ಮೆ ಶುದ್ಧಿ ಅಗತ್ಯವೆಂಬುದು ಕೆಲವೇ ತಿಂಗಳುಗಳಲ್ಲಿ ತಾನಾಗಿ ಗೊತ್ತಾಗುತ್ತದೆ.

ಶುದ್ಧಿಯೆಂದರೆ ಮೇಲಿನ ಕೆನೆಯನ್ನಷ್ಟೇ ತೆಗೆಯುವುದಲ್ಲ. ತಳದ ಗಷ್ಟನ್ನೂ ತೆಗೆದು, ಗೋಡೆಗಳನ್ನು ಕೆರೆದು, ಅಡ್ಡಗೋಡೆ ಸರಿಯಾಗಿದೆಯೇ ಎಂದು ನೋಡಿ, ಮತ್ತೆ ತಣ್ಣೀರು ತುಂಬಿಸಬೇಕು. ಇದಕ್ಕಿಂತ ಮುಖ್ಯವಾದುದು ತೊಟ್ಟಿಗೆ ಹೋಗುವ ಹೊರೆಯನ್ನೇ ಕಡಿಮೆ ಮಾಡುವುದು: ತೊಳೆಯುವ ಮೊದಲು ಪಾತ್ರೆಯನ್ನು ಕೆರೆದು ಒರೆಸುವುದು, ಮೋರಿಗೆ ಜಾಲರಿ ಹಾಕುವುದು. ವಡೆ ಬೋಂಡ ಕರಿದ ಎಣ್ಣೆಯನ್ನಂತೂ ಮೋರಿಗೆ ಸುರಿಯಲೇಬಾರದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಿಂದ ಇಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಿಕೆಗೆ ಒದಗಿಸುವ ಏರ್ಪಾಡನ್ನು ಪ್ರೋತ್ಸಾಹಿಸುತ್ತಿದೆ.

ಇಷ್ಟನ್ನು ಅಲಕ್ಷಿಸಿದರೆ ಆಗುವ ನಷ್ಟ ಹೊಟೇಲಿನ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಕಟ್ಟಿಕೊಂಡ ಚರಂಡಿಯಲ್ಲಿ ಕೊಳೆ ನಿಂತು ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಅದಕ್ಕೆ ಕೊಳೆತ ಮೊಟ್ಟೆಯ ವಾಸನೆಯುಂಟು. ಆದರೆ ಅದು ದಟ್ಟವಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ ಗುಂಡಿಗೆ ಇಳಿದವನಿಗೆ ಎಚ್ಚರಿಕೆಯೂ ದೊರೆಯುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಚರಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿತು. ಹಾಗಿದ್ದರೂ ಸಾವುಗಳು ನಿಲ್ಲಲಿಲ್ಲ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸತ್ತವನ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಚರಂಡಿ ಕಟ್ಟುವುದಕ್ಕೆ ಜಿಡ್ಡೊಂದೇ ಕಾರಣವಲ್ಲ, ನಿಜ. ಆದರೆ ಅನೇಕ ಕಾರಣಗಳಲ್ಲಿ ಮೂಲದಲ್ಲಿಯೇ, ಅಲ್ಪ ವೆಚ್ಚದಲ್ಲಿ ತಡೆಯಬಹುದಾದ ಕಾರಣವಿದು.

ಎಲೆಯ ಮೇಲಿನ ಶುಚಿಯನ್ನು ಗಿರಾಕಿ ನೋಡುತ್ತಾನೆ. ಮುಚ್ಚಳದ ಕೆಳಗಿನ ಶುಚಿಯನ್ನು ನೋಡಬೇಕಾದವನು ಯಜಮಾನ. ಅವನು ಅಳತೆಗೋಲನ್ನು ಮರೆತರೆ, ಆ ಮರೆವಿನ ಆಳವನ್ನು ಅಳೆಯಲು ಬೀದಿಯ ಗುಂಡಿಗೆ ಇಳಿಯುವವನು ಬೇರೊಬ್ಬ.