ನೊಟ್ಟುಸ್ವರವೂ ಪಿಟೀಲೂ

ಕರ್ಣಾಟಕ ಸಂಗೀತವೂ ಯೂರೋಪಿನ ಶಾಸ್ತ್ರೀಯ ಸಂಗೀತವೂ ಒಂದರೊಡನೊಂದು ಬೆರೆಯಬಲ್ಲವೇ ಎಂಬ ಪ್ರಶ್ನೆ ಹೊಸದಲ್ಲ. ಮದರಾಸಿಗೆ ಸಮೀಪದ ಮಣಲಿಯಲ್ಲಿ ಆಶ್ರಯ ಪಡೆದಿದ್ದ ದೀಕ್ಷಿತ ಮನೆತನದ ಅಣ್ಣತಮ್ಮಂದಿರಿಬ್ಬರು ಇದಕ್ಕೆ ಎರಡು ಭಿನ್ನವಾದ ಉತ್ತರಗಳನ್ನು ಕೊಟ್ಟಿರುವರು.

ಹಿರಿಯರಾದ ಮುತ್ತುಸ್ವಾಮಿ ದೀಕ್ಷಿತರು (ನಿಧನ 1835) ಆಂಗ್ಲರ ವಾದ್ಯಗೋಷ್ಠಿಗಳಲ್ಲಿ ಕೇಳಿಬರುತ್ತಿದ್ದ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು. ಸುಮಾರು 40ರಷ್ಟಿರುವ ಈ ರಚನೆಗಳಿಗೆ ನೊಟ್ಟುಸ್ವರಗಳೆಂದು ಹೆಸರು. ಅವುಗಳಲ್ಲೊಂದು ಇಂಗ್ಲೆಂಡಿನ ರಾಷ್ಟ್ರಗೀತೆಯ ಮಟ್ಟನ್ನೇ ಅನುಸರಿಸಿದೆ. ಇವು ಶಂಕರಾಭರಣ ರಾಗದವೆಂದು ಹೇಳುವುದು ವಾಡಿಕೆ. ಸ್ವರಸ್ಥಾನಗಳನ್ನು ಮಾತ್ರ ಎಣಿಸುವುದಾದರೆ ಈ ಮಾತು ಸರಿಯೇ: 29ನೆಯ ಮೇಳದ ಸಪ್ತಸ್ವರಗಳಿಗೂ ಯೂರೋಪಿನ ಮೇಜರ್ ಶ್ರೇಣಿಯ ಸ್ವರಗಳಿಗೂ ಹೊಂದಿಕೆಯುಂಟು. ಆದರೆ ರಾಗವೆಂಬುದು ಸ್ವರಗಳ ಪಟ್ಟಿಯಲ್ಲ. ಶಂಕರಾಭರಣದ ಮಧ್ಯಮವು ಗಾಂಧಾರ ಪಂಚಮಗಳ ನಡುವೆ ತೂಗಾಡಿದಾಗಲೇ ರಾಗದ ಮುಖ ಕಾಣುವುದು. ನೊಟ್ಟುಸ್ವರದಲ್ಲಿ ಆ ಮಧ್ಯಮ ನೆಟ್ಟ ಕಂಬದಂತೆ ನಿಲ್ಲುತ್ತದೆ. ದೀಕ್ಷಿತರ ಇತರ ಕೃತಿಗಳ ವಿಳಂಬಗತಿಯನ್ನೂ ಗಮಕಭಾರವನ್ನೂ ಬಲ್ಲವರಿಗೆ ಈ ತ್ಯಾಗ ಎಷ್ಟು ದೊಡ್ಡದೆಂಬುದು ತಿಳಿಯದಿರದು.

ಕಿರಿಯರಾದ ಬಾಲುಸ್ವಾಮಿ ದೀಕ್ಷಿತರದು ಇದಕ್ಕೆ ವಿಪರೀತವಾದ ಮಾರ್ಗ. ಐರೋಪ್ಯ ವಾದಕನಿಂದ ಪಿಟೀಲನ್ನು ಕಲಿತ ಅವರು ವಾದ್ಯವನ್ನು ಉಳಿಸಿಕೊಂಡು ಅದರ ಸಂಗೀತವನ್ನು ಬಿಟ್ಟರು. ಮುಂದೆ ಬೆಳೆದ ಸಂಪ್ರದಾಯದಲ್ಲಿ ನಾಲ್ಕು ತಂತಿಗಳೂ ಷಡ್ಜ ಪಂಚಮಗಳಿಗೆ ಶ್ರುತಿಗೊಂಡವು. ವಾದಕನು ನೆಲದ ಮೇಲೆ ಕುಳಿತು ವಾದ್ಯದ ತಲೆಯನ್ನು ಪಾದದ ಮೇಲೆ ಊರುವುದರಿಂದ, ಎಡಗೈಗೆ ಅದನ್ನು ಹೊರುವ ಹೊಣೆ ತಪ್ಪಿ, ಬೆರಳು ತಂತಿಯುದ್ದಕ್ಕೂ ಸ್ವಚ್ಛಂದವಾಗಿ ಜಾರಬಲ್ಲದು. ಗಮಕಕ್ಕೆ ಬೇಕಾದುದೂ ಅದೇ.

ಅಣ್ಣನು ಗಮಕವನ್ನು ಬಿಟ್ಟುದೂ ತಮ್ಮನು ಹಾರ್ಮನಿಯನ್ನು ಬಿಟ್ಟುದೂ ಆಕಸ್ಮಿಕವಲ್ಲ. ಹಾರ್ಮನಿಯಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ನುಡಿಯುವುವು. ಅವು ಸ್ಥಿರವಾಗಿ ನಿಲ್ಲದಿದ್ದರೆ ಪರಸ್ಪರ ಸಂವಾದ ಕೆಡುವುದು. ಗಮಕದಲ್ಲಾದರೋ ಸ್ವರದ ಜೀವವೇ ಚಲನೆ. ಸಾಲದುದಕ್ಕೆ, ರಾಗದ ಷಡ್ಜವು ಆದ್ಯಂತ ಅಚಲ; ಯೂರೋಪಿನ ದೊಡ್ಡ ಕೃತಿಗಳೋ ಆಧಾರಸ್ವರವನ್ನು ಪಲ್ಲಟಗೊಳಿಸುವುದರಲ್ಲಿಯೇ ರಸವನ್ನು ಕಾಣುವುವು. ರಾಗಕ್ಕೆ ವಾದ್ಯವೃಂದವನ್ನು ಜೋಡಿಸಹೊರಡುವವರಿಗೆ ಇಂದಿಗೂ ಎದುರಾಗುವುದು ಈ ತೊಡಕೇ.

ಮೈಸೂರಿನ ಜಯಚಾಮರಾಜ ಒಡೆಯರ (1919–1974) ನಿದರ್ಶನ ಇಲ್ಲಿ ಗಮನಾರ್ಹ. ಅವರು ಪಿಯಾನೋ ಬಲ್ಲವರು. ರಷ್ಯದ ಮೇಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದವರು. ಆತನ ಮೂರನೆಯ ಪಿಯಾನೋ ಕಂಚೆರ್ಟೋ ಅವರಿಗೇ ಅರ್ಪಿತವಾಗಿದೆ. ಬೆರೆಸುವ ಅಧಿಕಾರ ಯಾರಿಗಾದರೂ ಇದ್ದರೆ ಅವರಿಗಿತ್ತು. ಆದರೂ ತಾವು ರಚಿಸಿದ 94 ಕೃತಿಗಳಲ್ಲಿ ಅವರು ಹಿಡಿದುದು ರಾಗತಾಳಗಳ ದಾರಿಯನ್ನು.