ಹೆಳವರಿಲ್ಲದ ಮನೆಗಳು

ನಮ್ಮ ನಾಡಿನ ಹಳ್ಳಿಗಾಡಿನಲ್ಲಿ ಹೆಳವರು ಎಂಬ ಸಮುದಾಯದವರಿದ್ದಾರೆ. ಸಿಂಗರಿಸಿದ ಎತ್ತಿನೊಡನೆ ಒಕ್ಕಲು ಮನೆಯ ಅಂಗಳಕ್ಕೆ ಬಂದು, ಗಂಟೆ ಬಾರಿಸಿ, ಆ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಒಂದೊಂದಾಗಿ ಹೇಳುವುದು ಅವರ ಕುಲವೃತ್ತಿ. ಮೊದಲು ಕಂಠಪಾಠವಾಗಿದ್ದದ್ದು ಕಾಲಕ್ರಮೇಣ ತಾಳೆಗರಿಗೂ ಕಾಗದದ ಪುಸ್ತಕಗಳಿಗೂ ಇಳಿಯಿತು. ಹಿಂದಿನ ಭೇಟಿಯ ಅನಂತರ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು, ಮನೆಯವರಿತ್ತ ದವಸಧಾನ್ಯಗಳನ್ನು ಸ್ವೀಕರಿಸಿ ಅವರು ಮುಂದಿನ ಊರಿಗೆ ಸಾಗುತ್ತಾರೆ. ಕಾಶಿ, ಹರಿದ್ವಾರಗಳಲ್ಲಿ ಪಂಡರು ಯಾತ್ರಿಕರ ವಂಶಾವಳಿಯನ್ನು ವಹಿಗಳಲ್ಲಿ ಬರೆದಿಡುವುದೂ ಇದೇ ಬಗೆಯ ಕಾರ್ಯ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನೆಲೆಸಿರುವ ಕಥೋಲಿಕ ಕುಟುಂಬಗಳ ಬಾಗಿಲಿಗೆ ಯಾವ ಹೆಳವರೂ ಬರುವುದಿಲ್ಲ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಪ್ಲೇಗು ನಗರವನ್ನು ಹೊಕ್ಕು ಪೇಟೆಯ ಇಕ್ಕಟ್ಟಾದ ಗಲ್ಲಿಗಳನ್ನು ಬರಿದು ಮಾಡಿದಾಗ, ಗಾಳಿ ಬೆಳಕುಗಳಿಗೆ ಎಡೆಯಿರುವ ಅಗಲವಾದ ಬೀದಿಗಳೊಡನೆ ಬಸವನಗುಡಿ, ಮಲ್ಲೇಶ್ವರಗಳು ತಲೆಯೆತ್ತಿದವು. ಹೀಗಾಗಿ ನಾಲ್ಕೈದು ತಲೆಮಾರು ಹಿಂದಕ್ಕೆ ಹೋದರೆ ಇಲ್ಲಿ ಎಲ್ಲರೂ ಬೇರೆಲ್ಲಿಂದಲೋ ಬಂದವರೇ: ಹಳೆಯ ಪೇಟೆಯಿಂದ, ಹಾಸನದ ಕಡೆಯಿಂದ, ಶ್ರೀರಂಗಪಟ್ಟಣದ ಗಂಜಾಮಿನಿಂದ, ಮಂಗಳೂರಿನಿಂದ. ಬಂದ ದಾರಿ ಯಾವುದು, ಏಕೆ ಬಂದರು ಎಂಬುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತದೆ. ಹಿರಿಯರು ತೀರಿಕೊಂಡ ಮೇಲೆ ಹಂಚಿನ ಮನೆ ಮಾರಾಟವಾಗುತ್ತದೆ. ಅದೇ ನಿವೇಶನದಲ್ಲಿ ಅಪಾರ್ಟ್‌ಮೆಂಟು ಏಳುತ್ತದೆ. ಅಟ್ಟದ ಮೇಲಿದ್ದ ಟ್ರಂಕು ರದ್ದಿ ಅಂಗಡಿ ಸೇರುತ್ತದೆ. ಇಂತಹ ಹೊಸ ಮನೆಗಳನ್ನು ಆಶೀರ್ವದಿಸಲು ಹೋದಾಗ ‘ಅಜ್ಜನ ಪಟ ಎಲ್ಲಿ?’ ಎಂದು ನಾವು ಕೇಳುವುದುಂಟು. ‘ಮೊಬೈಲಿನಲ್ಲಿದೆ ಫಾದರ್’ ಎಂಬ ಉತ್ತರ ಬರುತ್ತದೆ. ಯಾವ ಮೊಬೈಲಿನಲ್ಲಿ ಎಂಬುದು ಮಾತ್ರ ಬೇಗ ಗೊತ್ತಾಗುವುದಿಲ್ಲ.

ಹಾಗೆಂದು ನಾವು ತೀರ ನಿರ್ಗತಿಕರೇನೂ ಅಲ್ಲ. ನಮ್ಮ ಹೆಳವ ದೇವಾಲಯದ ಬೀರುವಿನಲ್ಲಿದ್ದಾನೆ. 1563ರಲ್ಲಿ ತ್ರೆಂತ್ ಮಹಾಸಭೆಯು ವಿವಾಹ ಮತ್ತು ಜ್ಞಾನಸ್ನಾನಗಳ ದಾಖಲೆಯನ್ನಿಡುವಂತೆ ವಿಚಾರಣಾ ಗುರುಗಳಿಗೆ ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಮರಣ, ದೃಢೀಕರಣಗಳ ಪುಸ್ತಕಗಳನ್ನೂ, ಧರ್ಮಕೇಂದ್ರದ ಒಂದೊಂದು ಮನೆಯಲ್ಲಿ ಯಾರು ಯಾರಿದ್ದಾರೆಂದು ತಿಳಿಸುವ ಕುಟುಂಬಗಳ ಪುಸ್ತಕವನ್ನೂ ಸೇರಿಸಿತು. 1908ರಿಂದೀಚೆಗೆ ವ್ಯಕ್ತಿಯ ವಿವಾಹವನ್ನು ಅವರ ಜ್ಞಾನಸ್ನಾನದ ದಾಖಲೆಯ ಅಂಚಿನಲ್ಲಿಯೂ ಬರೆಯುವ ನಿಯಮ ಜಾರಿಗೆ ಬಂದಿತು. ಆದುದರಿಂದ ಒಬ್ಬರ ಹೆಸರು ಸಿಕ್ಕಿದರೆ ಅವರ ತಂದೆ ತಾಯಿ, ಜ್ಞಾನತಂದೆ, ಜ್ಞಾನತಾಯಿ, ಒಮ್ಮೊಮ್ಮೆ ಮದುವೆಯಾದ ಊರು ಇಷ್ಟೂ ಒಂದೇ ಸಾಲಿನಲ್ಲಿ ದೊರೆಯುತ್ತವೆ. ವಂಶಾವಳಿಗಳು ಸಾಮಾನ್ಯವಾಗಿ ಗಂಡಸರ ಹೆಸರುಗಳ ಸರಮಾಲೆ. ಆದರೆ ಈ ಪುಸ್ತಕದಲ್ಲಿ ತಾಯಿಯ ಹೆಸರಿಗೂ ಒಂದು ಕಲಮು ಮೀಸಲು. ಕೂಲಿಯ ಮಗುವಿಗೂ ದಿವಾನರ ಕಚೇರಿಯ ಗುಮಾಸ್ತೆಯ ಮಗುವಿಗೂ ಇಲ್ಲಿ ಅಷ್ಟೇ ಜಾಗ. ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಯಬೇಕೆಂದು ವಿಧಿಸುತ್ತದೆ. ಆದರೆ ಕಬ್ಬಿಣದ ಅಂಶವಿದ್ದ ಹಳೆಯ ಶಾಯಿ ಬರೆದ ಕಾಗದವನ್ನೇ ನಿಧಾನವಾಗಿ ತಿನ್ನುತ್ತದೆ, ಗೆದ್ದಲು ಕಾನೂನನ್ನು ಓದುವುದಿಲ್ಲ.

ಈ ಪುಸ್ತಕಗಳನ್ನು ಓದಲು ಒಂದು ಕೀಲಿಕೈ ಬೇಕು. ಬರೆದವರು ಬಹುಮಟ್ಟಿಗೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. ಬರೆದ ಭಾಷೆ ಲತೀನು. ನಮ್ಮ ಹಿರಿಯರ ಹೆಸರುಗಳೋ ನೆಲದ ಮಾತಿನವು. ಲತೀನಿನಲ್ಲಿ ಪಾವ್ಲುಸ್ ಎಂದರೆ ಚಿಕ್ಕವನು. ಅವನೇ ನಮ್ಮ ಚಿನ್ನಪ್ಪ. ಯೊವಾನ್ನನ ಹೆಸರಿನಲ್ಲಿ ದೇವರ ಕೃಪೆಯಿದೆ, ಅರುಳ್ ಎಂದರೂ ಕೃಪೆಯೇ, ಹಾಗಾಗಿ ಅವನು ಅರುಳಪ್ಪ. ಪೇತ್ರ ರಾಯಪ್ಪನಾದ, ಇಗ್ನಾಸಿ ಇನ್ನಾಸಪ್ಪನಾದ, ಝೇವಿಯರ್ ಶೌರಪ್ಪನಾದ. ಇಂದು ಮಕ್ಕಳಿಗೆ ಇಂಗ್ಲಿಷ್ ಧಾರಾವಾಹಿಗಳ ಹೆಸರಿಡುವ ನಮ್ಮವರಿಗೆ ರಾಯಪ್ಪ ಎಂಬ ಹೆಸರಿನ ಹಿಂದೆ ಪ್ರೇಷಿತರ ಮುಖ್ಯಸ್ಥನೇ ಇದ್ದಾನೆಂಬುದು ತಿಳಿಯದಿದ್ದರೆ ಆಶ್ಚರ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ವಿದೇಶದಲ್ಲಿ ನೌಕರಿಯಲ್ಲಿರುವ ತರುಣರೊಬ್ಬರು ತಮ್ಮ ಮುತ್ತಜ್ಜನ ಜ್ಞಾನಸ್ನಾನದ ದಾಖಲೆಯನ್ನು ಅರಸಿಕೊಂಡು ಬಂದರು. ಕುಟುಂಬ ಚಾಮರಾಜಪೇಟೆಯದು. ಮುತ್ತಜ್ಜನ ಹೆಸರು ಚಿನ್ನಪ್ಪ, ಹುಟ್ಟಿದ್ದು ‘ಪ್ಲೇಗಿನ ವರ್ಷ’ ಎಂಬಷ್ಟೇ ಅವರಿಗೆ ಗೊತ್ತಿತ್ತು. ನಗರದ ಹಳೆಯ ದೇವಾಲಯವೊಂದರಲ್ಲಿ ಚಿನ್ನಪ್ಪನನ್ನು ಹುಡುಕಿ ಅವರು ಬರಿಗೈಯಲ್ಲಿ ಮರಳಿದ್ದರು. ನಾವು ಜೊತೆಗೆ ಹೋಗಿ ಪಾವ್ಲುಸ್ ಎಂಬ ಹೆಸರಿನ ಮೇಲೆ ಬೆರಳಿಟ್ಟು ನೋಡಿದಾಗ ಎರಡು ವರ್ಷಗಳಲ್ಲಿ ಮೂವರು ಪಾವ್ಲುಸ್‌ಗಳು ಸಿಕ್ಕಿದರು. ಮೂವರಲ್ಲಿ ಯಾರು? ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ಕೇಳಲಾಯಿತು. ‘ನಮ್ಮ ಮಾವನವರಿಗೆ ಜ್ಞಾನತಾಯಿಯಾದವಳು ಅದೇ ಬೀದಿಯ ಸೂಲಗಿತ್ತಿ, ಇನ್ನಾಸಮ್ಮ ಅಂತ. ಹೆರಿಗೆ ಮಾಡಿಸಿದ ಕೈಯಲ್ಲೇ ಮಗುವನ್ನು ಎತ್ತಿಕೊಂಡು ಹೋದಳಂತೆ’ ಎಂದು ಅವರು ನೆನೆದರು. ಮೂರನೆಯ ದಾಖಲೆಯಲ್ಲಿ ಜ್ಞಾನತಾಯಿಯ ಹೆಸರು ಇಗ್ನಾಸಿಯ. ಪುಸ್ತಕವಿಲ್ಲದೆ ಅಜ್ಜಿಯ ನೆನಪಿಗೆ ಆಧಾರವಿರಲಿಲ್ಲ, ಅಜ್ಜಿಯಿಲ್ಲದೆ ಪುಸ್ತಕಕ್ಕೆ ನಾಲಿಗೆಯಿರಲಿಲ್ಲ. ಅದಾದ ನಾಲ್ಕು ತಿಂಗಳಿಗೆ ಅಜ್ಜಿ ತೀರಿಕೊಂಡರು.

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಮುತ್ತಜ್ಜನ ತಾಯಿಯ ವಿವಾಹದ ದಾಖಲೆ ಅದೇ ಬೀರುವಿನ ಇನ್ನೊಂದು ಪುಸ್ತಕದಲ್ಲಿತ್ತು. ವಧುವಿನ ತಂದೆ ತಾಯಿಯರ ಕಲಮಿನಲ್ಲಿ ‘ಅಜ್ಞಾತರು’ ಎಂಬ ಅರ್ಥದ ಒಂದೇ ಲತೀನ್ ಪದ. ಪಕ್ಕದಲ್ಲಿ, ಬರಗಾಲದ ಅನಾಥೆ ಎಂಬ ಟಿಪ್ಪಣಿ. 1876ರಿಂದ 1878ರವರೆಗಿನ ಕ್ಷಾಮದ ಭೀಕರತೆಯನ್ನು ಜನಗಣತಿಯೇ ಹೇಳುತ್ತದೆ: 1871ರಲ್ಲಿ ಮೈಸೂರು ಸಂಸ್ಥಾನದಲ್ಲಿದ್ದವರು ಐವತ್ತು ಲಕ್ಷಕ್ಕೂ ಮಿಕ್ಕಿ, 1881ರಲ್ಲಿ ಉಳಿದವರು ಸುಮಾರು 42 ಲಕ್ಷ. ಆಗ ಬೀದಿಪಾಲಾದ ಎಷ್ಟೋ ಕೂಸುಗಳು ಅನಾಥಾಲಯಗಳಲ್ಲಿ ಬೆಳೆದವು. ತರುಣರ ಚಿಕ್ಕಪ್ಪನವರು ಇದನ್ನು ತಿಳಿದು ಕಳವಳಗೊಂಡರು. ತಮ್ಮದು ಗಂಜಾಮಿನ ಪುರಾತನ ಮನೆತನವೆಂದು ಅವರು ನಂಬಿದ್ದವರು. ‘ಇದನ್ನು ಬರೆಯಲೇಬೇಕೇ ಫಾದರ್? ಮಕ್ಕಳ ಮದುವೆಯ ಮಾತುಕತೆ ನಡೆದಿದೆ’ ಎಂದರು.

ಅವರ ಅಳುಕನ್ನು ನಾವು ಹಗುರವಾಗಿ ಕಾಣಲಾರೆವು. ಧರ್ಮಕೇಂದ್ರದ ಪುಸ್ತಕಗಳು ಬಹಿರಂಗ ಪ್ರದರ್ಶನಕ್ಕಲ್ಲ. ಯಾರದೋ ಮನೆಯ ಗುಟ್ಟನ್ನು ನೆರೆಯವರಿಗೆ ತೋರಿಸುವುದು ಸಲ್ಲದು. ಆದರೆ ಮನೆಯವರೇ ತಮ್ಮ ಮನೆಯವರಿಂದ ಮುಚ್ಚಿಡುವುದು ಬೇರೆಯ ಮಾತು. ಸಂತ ಮತ್ತಾಯನು ಯೇಸುಸ್ವಾಮಿಯ ವಂಶಾವಳಿಯನ್ನು ಬರೆಯುವಾಗ ಸಾರಾ, ರೆಬೆಕ್ಕರನ್ನು ಹೆಸರಿಸಲಿಲ್ಲ. ತಾಮಾರ, ರಾಹಾಬ, ರೂತ್ ಮತ್ತು ಊರೀಯನ ಹೆಂಡತಿಯಾಗಿದ್ದವಳನ್ನು ಸೇರಿಸಿದನು. ಮರೆಮಾಡಬಹುದಾಗಿದ್ದವರನ್ನೇ ಆತ ಎತ್ತಿ ಬರೆದನು. ಸಂತ ಅಗಸ್ಟೀನರು ‘ಕನ್ಫೆಶನ್ಸ್’ ಗ್ರಂಥದಲ್ಲಿ ನೆನಪೆಂಬುದರ ಸ್ವರೂಪವನ್ನು ಒಂದಿಡೀ ಅಧ್ಯಾಯದಲ್ಲಿ ಜಿಜ್ಞಾಸೆಗೆ ಒಳಪಡಿಸಿದ್ದಾರೆ. ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ನಮ್ಮನ್ನು ಕಾಡಿದ್ದು ಆ ಅಧ್ಯಾಯ. ಈಗ ಹೆಚ್ಚು ಇಷ್ಟವಾಗುವುದು ಅದರ ಹಿಂದಿನ ಅಧ್ಯಾಯ. ಅಲ್ಲಿ ಅವರು, ತಾಯಿ ಮೋನಿಕಳು ಹುಡುಗಿಯಾಗಿದ್ದಾಗ ಕದ್ದು ದ್ರಾಕ್ಷಾರಸ ಕುಡಿಯುವ ಚಟಕ್ಕೆ ಬಿದ್ದು, ದಾಸಿಯ ಹಂಗಿಸುವ ಮಾತಿನಿಂದ ಎಚ್ಚೆತ್ತುದನ್ನು ಸಂಕೋಚವಿಲ್ಲದೆ ಹೇಳುತ್ತಾರೆ. ಸಂತಳಾದ ಆ ತಾಯಿಯ ವಿಷಯವಾಗಿ ನಮಗೆ ತಿಳಿದಿರುವುದೆಲ್ಲ ಬಹುಪಾಲು ಮಗ ಬರೆದಿಟ್ಟದ್ದೇ.

ಚಿಕ್ಕಪ್ಪನವರಿಗೆ ಇದನ್ನೇ ಹೇಳಿದೆವು. ಅವರು ಒಪ್ಪಿದರೋ ಇಲ್ಲವೋ ತಿಳಿಯದು. ತರುಣರು ಮಾತ್ರ ಆ ಹೆಂಗಸಿನ ಹೆಸರನ್ನು ವಂಶವೃಕ್ಷದ ಬುಡದಲ್ಲಿ ಬರೆದುಕೊಂಡು ಹೋದರು.

ನಮ್ಮ ನೆರೆಯಲ್ಲಿಯೇ ಒಂದು ಮೇಲ್ಪಂಕ್ತಿಯಿದೆ. ಬಸವನಗುಡಿಯಲ್ಲಿ ಬಾಳಿದ ಡಿ.ವಿ. ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ದಿವಾನರನ್ನು ಚಿತ್ರಿಸಿದಂತೆಯೇ, ಯಾವ ಚರಿತ್ರೆಯೂ ಲೆಕ್ಕಿಸದ ಸಾಮಾನ್ಯರನ್ನೂ ಚಿತ್ರಿಸಿದರು. ಎಲ್ಲರೂ ಡಿವಿಜಿಯವರಂತೆ ಬರೆಯಬೇಕಾಗಿಲ್ಲ. ಬಿನ್ನಿ ಮಿಲ್ಲಿನಲ್ಲಿ ದುಡಿದ ಅಜ್ಜ ಯಾವ ಪಾಳಿಗೆ ಹೋಗುತ್ತಿದ್ದರು, ಬುತ್ತಿಯಲ್ಲಿ ಏನಿರುತ್ತಿತ್ತು, ವಠಾರದ ನಲ್ಲಿಗೆ ನೀರು ಎಷ್ಟು ಹೊತ್ತಿಗೆ ಬರುತ್ತಿತ್ತು, ಸಂಜೆಯ ಜಪಮಾಲೆಯನ್ನು ಯಾರು ಆರಂಭಿಸುತ್ತಿದ್ದರು, ಇವು ಸಾಕು. ‘ನಿಮ್ಮ ಜೀವನದ ಕಥೆ ಹೇಳಿ’ ಎಂದರೆ ಹಿರಿಯರು ‘ನನ್ನದೇನಪ್ಪಾ ಕಥೆ’ ಎಂದು ಸುಮ್ಮನಾಗುತ್ತಾರೆ. ಒಂದು ಹಳೆಯ ಪಟವನ್ನು ಕೈಗಿತ್ತು ‘ಇವರು ಯಾರಜ್ಜಿ?’ ಎಂದು ಕೇಳಿ, ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿರಿ. ಆ ಮುದ್ರಣವನ್ನು ಇನ್ನಿಬ್ಬರಿಗೆ ಕಳುಹಿಸಿಡಿರಿ. ಪಟದ ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಹೆಸರುಗಳನ್ನು ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ಹರಿದ ಪತ್ರಗಳಿಗೆ ಸೆಲ್ಲೋಟೇಪು ಅಂಟಿಸಬೇಡಿರಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಅದನ್ನು ಬಿಡಿಸುವಂತಿಲ್ಲ.

ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಅದಕ್ಕೆ ಮುಂಚಿನ ವಾರ ಸಮಾಧಿಗಳನ್ನು ತೊಳೆದು ಸುಣ್ಣ ಬಳಿಯುವ ವಾಡಿಕೆ ನಮ್ಮಲ್ಲಿದೆ. ಹಳೆಯ ಕಲ್ಲುಗಳ ಮೇಲಿನ ಕನ್ನಡ, ತಮಿಳು, ಲತೀನ್ ಅಕ್ಷರಗಳು ಪ್ರತಿ ವರ್ಷದ ಸುಣ್ಣದ ಕೆಳಗೆ ತುಂಬಿಕೊಳ್ಳುತ್ತಾ ಬಂದಿವೆ. ಈ ಸಲ ಸುಣ್ಣದ ಬಕೆಟ್ಟಿಗೆ ಕೈ ಹಾಕುವ ಮೊದಲು ಮನೆಯ ಮಕ್ಕಳಿಗೆ ಕಾಗದ, ಪೆನ್ಸಿಲುಗಳನ್ನು ಕೊಟ್ಟು, ಕಲ್ಲಿನ ಮೇಲಿರುವುದನ್ನು ಇದ್ದಂತೆಯೇ ಬರೆದುಕೊಳ್ಳಲು ಹೇಳಿರಿ. ಲತೀನ್ ಅಕ್ಷರಗಳಿದ್ದರೆ ಚೀಟಿಯನ್ನು ನಿಮ್ಮ ವಿಚಾರಣಾ ಗುರುಗಳ ಬಳಿಗೆ ತನ್ನಿರಿ.